ಕೆಂಪು ದೀಪದ ತಪ್ಪೇನು?

ಕಳೆದ ಮಳೆಗಾಲದ ಒಂದು ಮುಂಜಾನೆ ನಾವು ನಮ್ಮ ಕಾಲೇಜಿನ ಅಂತಿಮ ತರಗತಿಯ ಐವರು ವಿದ್ಯಾರ್ಥಿಗಳೊಡನೆ ರೈಲಿನಲ್ಲಿ ಹೊರಟಿದ್ದೆವು. ಅವರಲ್ಲಿ ನಾಲ್ವರು ನಗರದಲ್ಲಿ ಏರ್ಪಟ್ಟಿದ್ದ ವಿಜ್ಞಾನ ವಸ್ತುಪ್ರದರ್ಶನವನ್ನು ನೋಡಲೆಂದು ಬಂದವರು, ಐದನೆಯವಳು ಎಂ.ಎಸ್‌ಸಿ. ಪ್ರವೇಶ ಪರೀಕ್ಷೆಯನ್ನು ಬರೆಯಬೇಕಾಗಿದ್ದವಳು. ಪರೀಕ್ಷೆ 11 ಗಂಟೆಗೆ. ಗಾಡಿ ನಗರವನ್ನು ಸೇರತಕ್ಕದ್ದು ಒಂಬತ್ತೂಕಾಲಕ್ಕೆ. ಸಾಲದೆ ಹೋದೀತೆಂಬ ಶಂಕೆಗೆ ಎಡೆಯೇ ಇರಲಿಲ್ಲ. ಆದರೆ ದಾರಿಯಲ್ಲಿ ಒಂದು ಸಣ್ಣ ನಿಲ್ದಾಣದ ಹೊರಗೆ, ಜೋಳದ ಹೊಲಗಳ ನಡುವೆ, ಗಾಡಿ ನಿಂತುಬಿಟ್ಟಿತು. ಎದುರಿಗೆ ಕೆಂಪು ದೀಪ. ನಲವತ್ತು ನಿಮಿಷಗಳ ತರುವಾಯ ಅದು ಆಮೆಯ ನಡಿಗೆಯಲ್ಲಿ ನಿಲ್ದಾಣವನ್ನೇನೋ ಸೇರಿತು; ಅಲ್ಲಿ ಮತ್ತೆ ಒಂದೂಮುಕ್ಕಾಲು ಗಂಟೆ. ಸಿಗ್ನಲ್ ಕೆಟ್ಟಿದೆ ಎಂಬ ಸುದ್ದಿ ಡಬ್ಬಿಯಿಂದ ಡಬ್ಬಿಗೆ ಹರಡಿತು.

ಇಂತಹ ಹೊತ್ತಿನಲ್ಲಿ ಜನ ಏನು ಮಾಡುವರೆಂಬುದನ್ನು ವಾಚಕರಿಗೆ ಹೇಳಬೇಕಾಗಿಲ್ಲ. ಇಳಿದು, ಸ್ಟೇಷನ್ ಮಾಸ್ತರರ ಕೊಠಡಿಯ ಮುಂದೆ ಗುಂಪುಗೂಡಿದರು. ನಾವೂ ಆ ಗುಂಪಿನಲ್ಲಿದ್ದೆವು; ನಮ್ಮ ದನಿಯೇನೂ ಮೆಲ್ಲನಿರಲಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. “ಮುಂದೆ ದಾರಿ ಖಾಲಿಯಿದೆ, ಕಣ್ಣಿಗೇ ಕಾಣುತ್ತಿದೆ. ಸಿಗ್ನಲ್ ಕೆಟ್ಟಿದೆಯೆಂದು ನಿಮಗೇ ಗೊತ್ತು. ಮತ್ತೆ ಆ ಕೆಟ್ಟ ದೀಪದ ಮಾತು ಕೇಳಿ ಗಾಡಿಯನ್ನು ನಿಲ್ಲಿಸಿಕೊಂಡಿರುವುದೇಕೆ?” ಎಂದು ನಾವು ತರ್ಕ ಹೂಡಿದೆವು. ಮಾಸ್ತರರು ಐವತ್ತು ದಾಟಿದವರು. ಒಂದು ಕಿವಿಗೆ ಟೆಲಿಫೋನನ್ನು ಹಿಡಿದುಕೊಂಡೇ, “ದೀಪ ಕೆಟ್ಟಿಲ್ಲ, ಮೇಷ್ಟ್ರೇ. ದೀಪ ಸರಿಯಾಗಿಯೇ ಇದೆ. ಕೆಟ್ಟಿರುವುದು ಇನ್ನೇನೋ. ಅದೇನೆಂದು ನನಗೂ ಇನ್ನೂ ಗೊತ್ತಿಲ್ಲ. ಗೊತ್ತಾಗುವ ತನಕ ದೀಪ ಕೆಂಪಾಗಿಯೇ ಇರಬೇಕು” ಎಂದರು.

ಭೌತಶಾಸ್ತ್ರದ ಅಧ್ಯಾಪಕರಾದ ನಮಗೆ ಆ ಕ್ಷಣದಲ್ಲಿ ಇದು ಜಾರಿಕೊಳ್ಳುವ ಮಾತಾಗಿ ಕಂಡಿತು. ನಮ್ಮ ವಿದ್ಯಾರ್ಥಿನಿ ಪರೀಕ್ಷಾಮಂದಿರವನ್ನು ಮುಟ್ಟಿದಾಗ ಹನ್ನೆರಡು ದಾಟಿತ್ತು, ಬಾಗಿಲು ಮುಚ್ಚಿತ್ತು. ಅವಳ ಒಂದು ವರ್ಷ ಹೋಯಿತು. ಹಾಗಿದ್ದೂ ಆ ಮಾಸ್ತರರ ಮಾತೇ ಸರಿ, ನಮ್ಮ ತರ್ಕವೇ ತಪ್ಪು ಎಂದು ಈಗ ಹೇಳಲು ಹೊರಟಿದ್ದೇವೆ. ಅದರ ಜೊತೆಗೆ, ಅವಳ ವರ್ಷವನ್ನು ಕಳೆದ ಆ ವಿಳಂಬ ಕ್ಷಮಿಸತಕ್ಕದ್ದಲ್ಲ ಎಂದೂ ಹೇಳಲಿದ್ದೇವೆ. ಇವೆರಡೂ ಒಂದಕ್ಕೊಂದು ವಿರುದ್ಧವೆಂದು ತೋರಿದರೆ ವಾಚಕರು ಸ್ವಲ್ಪ ತಾಳಬೇಕು.

ಮೊದಲಿಗೆ, ರೈಲುಗಾಡಿಗೆ ಸಿಗ್ನಲ್ ಏಕೆ ಬೇಕು? ಬಸ್ಸಿನ ಚಾಲಕ ಎದುರಿಗೆ ಎತ್ತು ಕಂಡರೆ ನಿಲ್ಲಿಸುತ್ತಾನೆ. ರೈಲಿನ ಚಾಲಕನೇಕೆ ಕಣ್ಣನ್ನೇ ನಂಬಿ ಓಡಿಸಬಾರದು? ಉತ್ತರ ನಮ್ಮ ಪ್ರಥಮ ವರ್ಷದ ಪಠ್ಯಪುಸ್ತಕದಲ್ಲಿಯೇ ಇದೆ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿ ಉರುಳುವಾಗ ಘರ್ಷಣೆ ಬಹಳ ಕಡಮೆ. ಸಾವಿರಾರು ಟನ್ ಭಾರವನ್ನು ಒಂದು ಎಂಜಿನ್ ಎಳೆಯಲು ಸಾಧ್ಯವಾಗಿರುವುದು ಈ ಗುಣದಿಂದಲೇ. ಎಳೆದುದನ್ನು ನಿಲ್ಲಿಸುವುದು ಕಷ್ಟವಾಗಿರುವುದೂ ಇದರಿಂದಲೇ. ಗಂಟೆಗೆ 130 ಕಿಲೋಮೀಟರ್ ವೇಗದ ಗಾಡಿ ಸೆಕೆಂಡಿಗೆ ಸುಮಾರು 36 ಮೀಟರ್ ಚಲಿಸುತ್ತದೆ. ಬ್ರೇಕು ಹಾಕಿದಾಗ ಅದರ ಋಣ ವೇಗೋತ್ಕರ್ಷ ಸೆಕೆಂಡಿಗೆ ಸೆಕೆಂಡಿಗೆ 0.6 ಮೀಟರ್ ಎಂದು ಹಿಡಿಯೋಣ. ವೇಗದ ವರ್ಗವನ್ನು ವೇಗೋತ್ಕರ್ಷದ ಎರಡರಷ್ಟರಿಂದ ಭಾಗಿಸಿರಿ: 1296ನ್ನು 1.2ರಿಂದ. ಗಾಡಿ ನಿಲ್ಲುವುದಕ್ಕೆ 1080 ಮೀಟರ್ ಬೇಕು. ಒಂದು ಕಿಲೋಮೀಟರಿಗೂ ಮಿಕ್ಕಿದ ದೂರ! ತಿರುವಿನಲ್ಲಿ, ಮಂಜಿನಲ್ಲಿ, ಕತ್ತಲಲ್ಲಿ ಅಷ್ಟು ದೂರವನ್ನು ಕಾಣಬಲ್ಲ ಕಣ್ಣು ಯಾರಿಗಿದೆ? ವೇಗವನ್ನು ಅರ್ಧಕ್ಕೆ ಇಳಿಸಿದರೆ ದೂರ ಕಾಲುಭಾಗಕ್ಕೆ ಇಳಿಯುತ್ತದೆ ಎಂಬುದನ್ನೂ ಗಮನಿಸಿರಿ. ಮುಂದೆ ಈ ಲೆಕ್ಕ ಒಂದೆಡೆ ಬೇಕಾಗುತ್ತದೆ. ಅಂತೂ ರೈಲಿನ ಚಾಲಕ ತಾನು ಕಾಣದ ದಾರಿಯ ಮೇಲೆ, ಬೇರೊಬ್ಬರ ಮಾತನ್ನು ನಂಬಿ ಗಾಡಿಯನ್ನೋಡಿಸುತ್ತಾನೆ. ಆ ಮಾತೇ ಸಿಗ್ನಲ್. ಹೀಗಿರುವಾಗ ಆ ಮಾತು ಸುಳ್ಳಾದರೆ ಗತಿಯೇನು?

ಈ ಪ್ರಶ್ನೆಯನ್ನು ಹತ್ತೊಂಬತ್ತನೆಯ ಶತಮಾನದವರು ದುಬಾರಿ ಬೆಲೆ ತೆತ್ತು ಕಲಿತರು. ಇಂಗ್ಲೆಂಡಿನಲ್ಲಿ ಆ ಕಾಲದ ಕೈಮರಗಳು ಸಾಮಾನ್ಯವಾಗಿ “ಬರಬಹುದು” ಎಂಬ ಸ್ಥಿತಿಯಲ್ಲಿಯೇ ಇರುತ್ತಿದ್ದವು. ಅಪಾಯವಿದ್ದಾಗ ಮಾತ್ರ ಅವನ್ನು “ನಿಲ್ಲು” ಎಂಬ ಸ್ಥಿತಿಗೆ ತರುತ್ತಿದ್ದರು. ಇದರಲ್ಲಿ ತಪ್ಪೇನಿದೆ ಎಂದು ಯಾರಿಗೂ ಅನ್ನಿಸಿರಲಿಲ್ಲ. 1876ರ ಜನವರಿ 21ರ ಸಂಜೆ ಆಬಟ್ಸ್ ರಿಪ್ಟನ್ ಎಂಬಲ್ಲಿ ಹಿಮದ ಬಿರುಗಾಳಿ ಬೀಸುತ್ತಿತ್ತು. ಕಲ್ಲಿದ್ದಲ ಗಾಡಿಯೊಂದನ್ನು ಪಕ್ಕದ ಹಳಿಗೆ ಸರಿಸುತ್ತಿದ್ದರು. ಹಿಂದಿನಿಂದ ಸ್ಕಾಟ್ಲೆಂಡಿನ ಎಕ್ಸ್‌ಪ್ರೆಸ್ ಬರುತ್ತಿತ್ತು. ಸಿಗ್ನಲ್‌ನವನು ಸನ್ನೆಗೋಲನ್ನು ಎಳೆದು ತನ್ನ ಕರ್ತವ್ಯವನ್ನು ಮಾಡಿದ. ಆದರೆ ಕೈಮರದ ಕೈ ಹಿಮಗಟ್ಟಿ, ಕಂಬದ ಸೀಳಿನಲ್ಲಿ ಸಿಕ್ಕಿ, “ಬರಬಹುದು” ಎಂದೇ ಹೇಳುತ್ತ ನಿಂತಿತ್ತು. ಎಕ್ಸ್‌ಪ್ರೆಸ್ ಬಂದು ಬಡಿಯಿತು. ಆ ಅವಶೇಷಕ್ಕೆ ಎದುರು ಹಳಿಯ ಇನ್ನೊಂದು ಗಾಡಿ ಬಂದು ಬಡಿಯಿತು. ಅಂದಿನಿಂದ ಪದ್ಧತಿ ತಲೆಕೆಳಗಾಯಿತು. ಸಿಗ್ನಲ್‌ನ ಸಹಜಸ್ಥಿತಿ “ನಿಲ್ಲು” ಎಂಬುದೇ ಆಗಬೇಕು. “ಬರಬಹುದು” ಎಂಬುದನ್ನು ಪ್ರತಿ ಸಲವೂ ಪ್ರಯತ್ನಪೂರ್ವಕವಾಗಿ ಹೇಳಬೇಕು ಎಂದಾಯಿತು. ನಮ್ಮ ದೇಶದ ಹಳೆಯ ನಿಲ್ದಾಣಗಳಲ್ಲಿ ಕೈಮರವನ್ನು ಕಂಡವರಿಗೆ ಅದರ ಬುಡದ ತೂಕದ ಗುಂಡು ನೆನಪಿರಬಹುದು. ತಂತಿ ಹರಿದರೆ ಆ ತೂಕ ಕೈಯನ್ನು ತಾನಾಗಿಯೇ “ನಿಲ್ಲು” ಎಂಬ ಸ್ಥಿತಿಗೆ ಒಯ್ಯುತ್ತದೆ. ತಂತಿ ಹರಿಯಬಹುದು, ಸಿಬ್ಬಂದಿ ನಿದ್ರಿಸಬಹುದು, ಗುರುತ್ವಾಕರ್ಷಣೆಗೆ ರಜೆಯಿಲ್ಲ.

ಇದೇ ಉಪಾಯದ ವಿದ್ಯುತ್ ರೂಪವನ್ನು ಅಮೆರಿಕದ ವಿಲಿಯಮ್ ರಾಬಿನ್‌ಸನ್ ಎಂಬಾತ ಕಂಡುಹಿಡಿದ. ಆತನ ಮೊದಲ ಪ್ರಯತ್ನ ಯಾವ ಬುದ್ಧಿವಂತ ವಿದ್ಯಾರ್ಥಿಯೂ ಮಾಡಬಹುದಾದಂಥದು: ಗಾಡಿ ಬಂದಾಗ ವಿದ್ಯುನ್ಮಂಡಲ ಪೂರ್ಣಗೊಂಡು ಕೆಂಪು ಸೂಚನೆ ಕಾಣಿಸಬೇಕು. ಕೆಲಸವೇನೋ ಚೆನ್ನಾಗಿ ಮಾಡುತ್ತಿತ್ತು. ಆದರೆ ತಂತಿ ತುಂಡಾದರೆ? ಬ್ಯಾಟರಿ ಸತ್ತರೆ? ಆಗ ಗಾಡಿ ಹಳಿಯ ಮೇಲಿದ್ದರೂ ಸಿಗ್ನಲ್ “ಖಾಲಿ” ಎನ್ನುತ್ತದೆ. ರಾಬಿನ್‌ಸನ್ ಯೋಚನೆಯನ್ನೇ ತಿರುಗಿಸಿ ಹಾಕಿದ. 1872ರಲ್ಲಿ ಆತ ಹಕ್ಕುಪತ್ರ ಪಡೆದ ಹಳಿಮಂಡಲದಲ್ಲಿ ವಿದ್ಯುತ್ಪ್ರವಾಹ ಸದಾ ಹರಿಯುತ್ತಲೇ ಇರುತ್ತದೆ. ಹಳಿಯ ಒಂದು ಭಾಗವನ್ನು ಎರಡು ತುದಿಗಳಲ್ಲಿಯೂ ಅವಾಹಕದಿಂದ ಬೇರ್ಪಡಿಸಿ, ಒಂದು ತುದಿಯಲ್ಲಿ ಕೆಲವೇ ವೋಲ್ಟಿನ ಬ್ಯಾಟರಿಯನ್ನೂ ಇನ್ನೊಂದು ತುದಿಯಲ್ಲಿ ರಿಲೇಯನ್ನೂ ಜೋಡಿಸುತ್ತಾರೆ. ಪ್ರವಾಹ ಒಂದು ಹಳಿಯಲ್ಲಿ ಹೋಗಿ, ರಿಲೇಯ ವಿದ್ಯುತ್ಕಾಂತವನ್ನು ಸುತ್ತಿ, ಇನ್ನೊಂದು ಹಳಿಯಲ್ಲಿ ಹಿಂತಿರುಗುತ್ತದೆ. ವಿದ್ಯುತ್ಕಾಂತ ತನ್ನ ಕಬ್ಬಿಣದ ತುಂಡನ್ನು ಎತ್ತಿ ಹಿಡಿದಿರುವಷ್ಟು ಕಾಲ ಮಾತ್ರ ಹಸಿರು ದೀಪಕ್ಕೆ ಅವಕಾಶ. ಗಾಡಿ ಬಂದರೆ ಅದರ ಗಾಲಿ ಮತ್ತು ಅಚ್ಚು ಎರಡು ಹಳಿಗಳನ್ನು ಬೆಸೆಯುತ್ತವೆ. ಪ್ರವಾಹಕ್ಕೆ ಸುಲಭವಾದ ಅಡ್ಡದಾರಿ ಸಿಕ್ಕಿ, ರಿಲೇಗೆ ಅದು ತಲಪುವುದಿಲ್ಲ. ಕಬ್ಬಿಣದ ತುಂಡು ತನ್ನ ಭಾರದಿಂದಲೇ ಕೆಳಗೆ ಬೀಳುತ್ತದೆ. ಕೆಂಪು ದೀಪ ಬೆಳಗುತ್ತದೆ.

ಇದರ ಸೊಬಗನ್ನು ನೋಡಿರಿ. ತಂತಿ ತುಂಡಾಯಿತು, ಕೆಂಪು. ಬ್ಯಾಟರಿ ಸತ್ತಿತು, ಕೆಂಪು. ಹಳಿಯೇ ಮುರಿಯಿತು, ಬಹುಮಟ್ಟಿಗೆ ಆಗಲೂ ಕೆಂಪು. ಮಳೆಯಿಂದ ಜಲ್ಲಿ ಕೆಸರಾಗಿ ಒಂದು ಹಳಿಯಿಂದ ಇನ್ನೊಂದಕ್ಕೆ ಪ್ರವಾಹ ಸೋರತೊಡಗಿತು, ಆಗಲೂ ಕೆಂಪು. ಇಲಿ ಕೇಬಲನ್ನು ಕಡಿಯಲಿ, ಕಳ್ಳ ತಾಮ್ರವನ್ನು ಕದಿಯಲಿ, ಉತ್ತರ ಒಂದೇ. ಮಂಡಲಕ್ಕೆ ಗಾಡಿಗೂ ಕೆಸರಿಗೂ ಇರುವ ಭೇದ ತಿಳಿಯದು. ತಿಳಿಯದಾಗ ಅದು ಗಾಡಿಯಿದೆ ಎಂದೇ ಭಾವಿಸುತ್ತದೆ. ಹೀಗೆ ಯಂತ್ರ ಕೆಟ್ಟರೂ ಕೇಡಾಗದಂತೆ ಅದನ್ನು ರಚಿಸುವುದು ಎಂಜಿನಿಯರಿಂಗ್ ವಿದ್ಯೆಯ ಅತ್ಯುನ್ನತ ಸಾಧನೆಗಳಲ್ಲಿ ಒಂದು ಎಂದು ನಮ್ಮ ಅಭಿಪ್ರಾಯ. ಚಂದ್ರನಲ್ಲಿಗೆ ಹೋದ ಸಾಹಸವನ್ನು ಎಲ್ಲರೂ ಕೊಂಡಾಡುತ್ತಾರೆ. ತಾನಾಗಿ ಕೆಳಗೆ ಬೀಳುವ ಈ ಕಬ್ಬಿಣದ ತುಂಡಿಗೆ ಕವಿಗಳಿಲ್ಲ. ಗಾಡಿಯ ಬ್ರೇಕೂ ಇದೇ ಜಾತಿಯದು. ಕೊಳವೆಯಲ್ಲಿ ಒತ್ತಡದ ಗಾಳಿ ಇರುವವರೆಗೆ ಬ್ರೇಕು ಬಿಟ್ಟಿರುತ್ತದೆ. ಕೊಳವೆ ಒಡೆದರೆ, ಡಬ್ಬಿಗಳು ಕಳಚಿಕೊಂಡರೆ, ಅಥವಾ ನೀವು ಸರಪಳಿಯನ್ನೆಳೆದರೆ, ಗಾಳಿ ಹೊರಹೋಗಿ ಬ್ರೇಕು ಬಿಗಿಯುತ್ತದೆ.

ಆದುದರಿಂದ ಆ ದಿನ ಜೋಳದ ಹೊಲದ ನಡುವೆ ನಾವು ಕಂಡುದು ಯಂತ್ರದ ಸೋಲಲ್ಲ. ಎಲ್ಲಿಯೋ ಏನೋ ಕೆಟ್ಟಿತ್ತು, ಮತ್ತು ಯಂತ್ರ ಅದನ್ನು ಸತ್ಯವಾಗಿ ಹೇಳುತ್ತಿತ್ತು. ರೈಲ್ವೆಯವರು ಇದನ್ನು ಸರಿಮಗ್ಗುಲಿನ ಕೆಡುಕು ಎಂಬರ್ಥದ ಮಾತಿನಿಂದ ಕರೆಯುತ್ತಾರೆ. ಅವರು ನಿಜವಾಗಿ ಅಂಜುವುದು ತಪ್ಪುಮಗ್ಗುಲಿನ ಕೆಡುಕಿಗೆ: ಕೆಂಪಾಗಿರಬೇಕಾದಲ್ಲಿ ಹಸಿರಾಗಿರುವ ದೀಪಕ್ಕೆ. ಅದರಿಂದ ಗಾಡಿ ತಡವಾಗುವುದಿಲ್ಲ, ಯಾರೂ ಗುಂಪುಗೂಡುವುದಿಲ್ಲ, ಅನಾಹುತ ಆಗುವವರೆಗೂ ಎಲ್ಲರಿಗೂ ಸಂತೋಷವೇ.

ಲಂಡನ್ನಿನ ಕ್ಲಾಪಮ್ ಜಂಕ್ಷನ್ನಿನ ಬಳಿ 1988ರ ಡಿಸೆಂಬರ್ 12ರ ಬೆಳಿಗ್ಗೆ ಹೀಗಾಯಿತು. ಸಿಗ್ನಲ್ ವ್ಯವಸ್ಥೆಯನ್ನು ಹೊಸದಾಗಿಸುವಾಗ ಬೇಡವಾದ ಒಂದು ಹಳೆಯ ತಂತಿಯನ್ನು ಕಿತ್ತುಹಾಕದೆ, ತುದಿಗೆ ಸುತ್ತು ಹಾಕದೆ, ಹಾಗೆಯೇ ಬಿಟ್ಟಿದ್ದರು. ಹಿಂದಿನ ದಿನದ ಕೆಲಸದಲ್ಲಿ ಅದು ಅಲುಗಾಡಿ ತನ್ನ ಹಳೆಯ ಸ್ಥಾನಕ್ಕೇ ತಗುಲಿತು. ಗಾಡಿ ಹಳಿಯ ಮೇಲಿದ್ದಾಗಲೂ ಆ ತಂತಿಯ ಮೂಲಕ ರಿಲೇಗೆ ಪ್ರವಾಹ ತಲಪಿ, ಬೀಳಬೇಕಾದ ತುಂಡು ಬೀಳದೆ ನಿಂತಿತು. 35 ಮಂದಿ ಸತ್ತರು. ವಿಚಾರಣೆಯಲ್ಲಿ ಹೊರಬಿದ್ದ ಒಂದು ಸಂಗತಿ ನಮ್ಮನ್ನು ಇಂದಿಗೂ ಕಾಡುತ್ತದೆ. ಆ ಕೆಲಸ ಮಾಡಿದ ತಂತ್ರಜ್ಞ ಹದಿಮೂರು ವಾರಗಳಲ್ಲಿ ಒಂದೇ ಒಂದು ದಿನ ರಜೆ ಪಡೆದಿದ್ದ. ರಿಲೇಯ ರಚನೆಯಲ್ಲಿ ದೋಷವಿರಲಿಲ್ಲ. ದಣಿದ ಮನುಷ್ಯನ ಕೈಗೆ ಮಾತ್ರ ಆ ಬಗೆಯ ರಚನೆ ಇರಲಿಲ್ಲ. ಚೀನದ ವೆನ್‌ಜೌ ಬಳಿ 2011ರ ಜುಲೈ 23ರಂದು ಸಿಡಿಲಿನಿಂದ ಸಿಗ್ನಲ್ ಉಪಕರಣ ಕೆಟ್ಟಾಗ, ರಚನೆಯಲ್ಲಿಯೇ ಇದ್ದ ದೋಷದಿಂದ ದೀಪ ಕೆಂಪಾಗುವ ಬದಲು ಹಸಿರಾಗಿಯೇ ಉಳಿದು 40 ಮಂದಿ ಮಡಿದರು.

ಇನ್ನು ನಮ್ಮ ಮನೆಯ ಸುದ್ದಿ. 2023ರ ಜೂನ್ 2ರ ಸಂಜೆ ಒಡಿಶಾದ ಬಾಲೇಶ್ವರ ಜಿಲ್ಲೆಯ ಬಹನಗಾ ಬಜಾರ್ ನಿಲ್ದಾಣದಲ್ಲಿ ಚೆನ್ನೈಗೆ ಹೋಗುತ್ತಿದ್ದ ಕೋರಮಂಡಲ್ ಎಕ್ಸ್‌ಪ್ರೆಸ್ಸಿಗೆ ಮುಖ್ಯ ಹಳಿಯ ಹಸಿರು ಸಿಗ್ನಲ್ ದೊರೆತಿತ್ತು. ಹಳಿಯ ಕೂಡುಮುಳ್ಳುಗಳು ಮಾತ್ರ ಪಕ್ಕದ ಹಳಿಯತ್ತ ತಿರುಗಿದ್ದವು. ಆ ಹಳಿಯಲ್ಲಿ ಕಬ್ಬಿಣದ ಅದಿರು ತುಂಬಿದ ಗೂಡ್ಸ್ ಗಾಡಿ ನಿಂತಿತ್ತು. ಉರುಳಿಬಿದ್ದ ಡಬ್ಬಿಗಳು ಅದೇ ಹೊತ್ತಿಗೆ ಎದುರು ಹಳಿಯಲ್ಲಿ ಹಾದುಹೋಗುತ್ತಿದ್ದ ಬೆಂಗಳೂರು–ಹೌರಾ ಗಾಡಿಯ ಹಿಂಭಾಗಕ್ಕೂ ಬಡಿದವು. 290ಕ್ಕೂ ಹೆಚ್ಚು ಜನ ಸತ್ತರು. ರೈಲ್ವೆ ಸುರಕ್ಷಾ ಆಯುಕ್ತರ ತನಿಖೆಯಲ್ಲಿ ಹೊರಬಿದ್ದ ಕಾರಣ ಎರಡು: ನಿಲ್ದಾಣದ ಉತ್ತರ ತುದಿಯ ಸಿಗ್ನಲ್ ಗೂಡಿನಲ್ಲಿ ಹಿಂದೆಂದೋ ವಿದ್ಯುನ್ಮಂಡಲವನ್ನು ಬದಲಿಸಿದಾಗ ಉಳಿದಿದ್ದ ಲೋಪ, ಮತ್ತು 94ನೆಯ ಸಂಖ್ಯೆಯ ಗೇಟಿನ ತಡೆಗಂಬವನ್ನು ಬದಲಿಸುವ ಕೆಲಸದಲ್ಲಿ ಆದ ಲೋಪ. ತಂತಿಯನ್ನು ಜೋಡಿಸಿದವರು ಯಂತ್ರಕ್ಕೆ ತಿಳಿಯದೆಯೇ ಅದರಿಂದ ಸುಳ್ಳು ಹೇಳಿಸಿದ್ದರು.

ಇದಕ್ಕೆ ನಾಲ್ಕು ತಿಂಗಳ ಮೊದಲೇ ಕನ್ನಡನಾಡಿನಲ್ಲಿ ಒಂದು ಎಚ್ಚರಿಕೆ ಕೇಳಿಬಂದಿತ್ತು ಎಂಬುದನ್ನು ಬಹು ಮಂದಿ ಅರಿಯರು. 2023ರ ಫೆಬ್ರವರಿ 8ರಂದು ಬೀರೂರು–ಚಿಕ್ಕಜಾಜೂರು ಮಾರ್ಗದ ಹೊಸದುರ್ಗ ರೋಡ್ ನಿಲ್ದಾಣದಲ್ಲಿ ಸಂಪರ್ಕ ಕ್ರಾಂತಿ ಎಕ್ಸ್‌ಪ್ರೆಸ್ಸಿಗೆ ಫಲಕದಲ್ಲಿ ಸರಿಯಾದ ದಾರಿ ಕಾಣಿಸುತ್ತಿತ್ತು. ನೆಲದ ಮೇಲಿನ ಹಳಿ ಎದುರು ಮಾರ್ಗದತ್ತ ತಿರುಗಿತ್ತು. ಚಾಲಕ ಎಚ್ಚರದಿಂದಿದ್ದ, ಗಾಡಿಯನ್ನು ನಿಲ್ಲಿಸಿದ. ಯಾರಿಗೂ ಗಾಯವಾಗಲಿಲ್ಲ. ಮರುದಿನವೇ ನೈಋತ್ಯ ರೈಲ್ವೆಯ ಕಾರ್ಯಾಚರಣೆಯ ಮುಖ್ಯಾಧಿಕಾರಿಗಳು, ಇಂಟರ್‌ಲಾಕಿಂಗ್‌ನ ಮೂಲತತ್ತ್ವಕ್ಕೇ ವಿರುದ್ಧವಾದುದು ನಡೆದಿದೆ, ವ್ಯವಸ್ಥೆಯಲ್ಲಿ ಗಂಭೀರವಾದ ದೋಷಗಳಿವೆ ಎಂದು ಪತ್ರ ಬರೆದರು. ಹೊಸದುರ್ಗ ರೋಡಿನಲ್ಲಿ ಗಾಡಿ ತಡವಾಯಿತೆಂದು ಆ ದಿನ ಗೊಣಗಿಕೊಂಡ ಪ್ರಯಾಣಿಕರು ಇದ್ದೇ ಇದ್ದಿರಬೇಕು. ನಾವು ಆ ಗಾಡಿಯಲ್ಲಿದ್ದಿದ್ದರೆ ನಾವೂ ಗೊಣಗಿರುತ್ತಿದ್ದೆವು.

ಇಷ್ಟು ಹೇಳಿದ ಮೇಲೆ, “ಹಾಗಾದರೆ ಕೆಂಪು ದೀಪ ಎಷ್ಟು ಹೊತ್ತು ಇದ್ದರೂ ಸುಮ್ಮನೆ ಕೈಕಟ್ಟಿ ಕುಳಿತಿರಬೇಕೇ?” ಎಂದು ವಿದ್ಯಾರ್ಥಿಗಳು ಕೇಳಿಯಾರು. ಕೂಡದು. ನಮ್ಮ ದೂರು ಇರುವುದು ಇಲ್ಲಿಯೇ. ಸುರಕ್ಷಿತವಾಗಿ ಕೆಡುವ ಯಂತ್ರ ಮೇಲಿಂದ ಮೇಲೆ ಕೆಡುತ್ತಿದ್ದರೆ ಅದು ಸುರಕ್ಷಿತವಾಗಿ ಉಳಿಯುವುದಿಲ್ಲ. ಏಕೆಂದರೆ ಅದರ ಸುತ್ತಲೂ ಮನುಷ್ಯರಿದ್ದಾರೆ. ತೋಳ ಬಂತು ತೋಳ ಎಂದು ಕೂಗಿದ ಹುಡುಗನ ಕಥೆಯನ್ನು ನಾವೆಲ್ಲ ಓದಿದ್ದೇವೆ. ಅದರಲ್ಲಿ ಹುಡುಗನ ತಪ್ಪನ್ನು ಎತ್ತಿ ಆಡುವುದುಂಟು, ಹಳ್ಳಿಗರಿಗೆ ಏನಾಯಿತೆಂದು ಯೋಚಿಸುವವರು ಕಡಮೆ. ಸಿಗ್ನಲ್ ಕೆಟ್ಟಾಗ ಗಾಡಿಗಳನ್ನು ಕಾಗದದ ಅನುಮತಿಯ ಮೇಲೆ ಮುಂದಕ್ಕೆ ಬಿಡುವ ಕ್ರಮ ಉಂಟು. ಅದಕ್ಕೆ ಕಟ್ಟುನಿಟ್ಟಾದ ನಿಯಮಗಳೂ ಉಂಟು. ಸ್ವಯಂಚಾಲಿತ ಸಿಗ್ನಲ್ ಇರುವ ದಾರಿಯಲ್ಲಿ ಕೆಂಪು ದೀಪದ ಮುಂದೆ ಹಗಲಾದರೆ ಒಂದು ನಿಮಿಷ, ರಾತ್ರಿಯಾದರೆ ಎರಡು ನಿಮಿಷ ನಿಂತು, ತರುವಾಯ ಗಂಟೆಗೆ 15 ಕಿಲೋಮೀಟರಿಗೆ ಮೀರದಂತೆ, ಎದುರಿಗೆ ಕಂಡ ಅಡ್ಡಿಗೆ ತಡೆದು ನಿಲ್ಲುವ ಎಚ್ಚರದಿಂದ ಸಾಗಬೇಕು. ನಾವು ಮೇಲೆ ಮಾಡಿದ ಲೆಕ್ಕವನ್ನು ಈಗ ಮತ್ತೆ ಹಾಕಿ ನೋಡಿರಿ. ಗಂಟೆಗೆ 15 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು 4.2 ಮೀಟರ್, ನಿಲ್ಲಲು ಬೇಕಾದುದು ಹದಿನೈದು ಮೀಟರ್ ಮಾತ್ರ. ಗಾಡಿ ಮತ್ತೆ ಕಣ್ಣಿನ ಆಳ್ವಿಕೆಗೆ ಬಂದಂತಾಯಿತು. ಆಮೆಯ ನಡಿಗೆಯೆಂದು ನಾವು ಹಾಸ್ಯ ಮಾಡಿದ ಆ ನಡಿಗೆಯ ಒಳಗುಟ್ಟು ಇದೇ.

ಆದರೆ ಕೆಡುಕು ಅಭ್ಯಾಸವಾದಾಗ ನಿಯಮ ಸಡಿಲುತ್ತದೆ. 2024ರ ಜೂನ್ 17ರ ಬೆಳಿಗ್ಗೆ ಪಶ್ಚಿಮ ಬಂಗಾಳದ ರಂಗಾಪಾಣಿ ನಿಲ್ದಾಣದ ಬಳಿಯ ಮಾರ್ಗದಲ್ಲಿ ಸ್ವಯಂಚಾಲಿತ ಸಿಗ್ನಲ್‌ಗಳು ನಸುಕಿನಿಂದಲೇ ಕೆಟ್ಟಿದ್ದವು. ಅವು ಮರ್ಯಾದೆಯಾಗಿ ಕೆಂಪಾಗಿಯೇ ಇದ್ದವು. ಕೆಂಪು ದೀಪಗಳನ್ನು ದಾಟಲು ಕಾಗದದ ಅನುಮತಿ ಪಡೆದು ಕಾಂಚನಜಂಗಾ ಎಕ್ಸ್‌ಪ್ರೆಸ್ ಹೊರಟಿತು. ಅದೇ ಬಗೆಯ ಅನುಮತಿ ಪಡೆದು ಹಿಂದಿನಿಂದ ಒಂದು ಗೂಡ್ಸ್ ಗಾಡಿ ಹೊರಟಿತು. ಕೊಟ್ಟ ಕಾಗದ ಆ ಸಂದರ್ಭಕ್ಕೆ ಸಲ್ಲತಕ್ಕದ್ದಲ್ಲವೆಂದೂ ಅದರಲ್ಲಿ ವೇಗದ ಮಿತಿಯನ್ನು ಕಾಣಿಸಿರಲಿಲ್ಲವೆಂದೂ ಅನಂತರದ ತನಿಖೆ ಹೇಳಿತು. ಆ ಬೆಳಿಗ್ಗೆ ಆ ದಾರಿಯಲ್ಲಿ ಸಾಗಿದ ಗಾಡಿಗಳಲ್ಲಿ ನಿಂತು ನಿಂತು ನಿಧಾನವಾಗಿ ಹೋಗುವ ನಿಯಮವನ್ನು ಪಾಲಿಸಿದುದು ಕಾಂಚನಜಂಗಾ ಒಂದೇ ಎಂಬುದೂ ತನಿಖೆಯಲ್ಲಿ ಕಂಡುಬಂತು. ನಿಯಮವನ್ನು ಪಾಲಿಸಿದ ಗಾಡಿಯ ಬೆನ್ನಿಗೆ ಪಾಲಿಸದ ಗಾಡಿ ಬಂದು ಗುದ್ದಿತು. ಗೂಡ್ಸ್ ಗಾಡಿಯ ಚಾಲಕ, ಎಕ್ಸ್‌ಪ್ರೆಸ್ಸಿನ ಗಾರ್ಡು, ಪ್ರಯಾಣಿಕರು, ಹೀಗೆ ಹಲವರು ಸತ್ತರು. ಇಲ್ಲಿ ಯಾವ ದೀಪವೂ ಸುಳ್ಳು ಹೇಳಲಿಲ್ಲ. ದೀಪದ ಮಾತನ್ನು ಬದಿಗಿರಿಸಿ ನಡೆಯುವ ದಾರಿಯನ್ನು ಮನುಷ್ಯರು ಕಂಡುಕೊಂಡರು, ಅಷ್ಟೆ.

ಅಂದು ನಾವು ಆ ಮಾಸ್ತರರ ಮುಂದೆ ನಿಂತು ಬೇಡಿದ್ದು ಇದನ್ನೇ ಅಲ್ಲವೇ? ಸಿಗ್ನಲ್ ಕೆಟ್ಟಿದೆ, ಆದುದರಿಂದ ಗಾಡಿಯನ್ನು ಬಿಡಿ ಎಂದೆವು. ಮುನ್ನೂರು ಮಂದಿ ಒಟ್ಟಾಗಿ ಕೂಗಿದರೆ, ಮೇಲಧಿಕಾರಿ ಟೆಲಿಫೋನಿನಲ್ಲಿ ಅವಸರಿಸಿದರೆ, ಆ ಕೊಠಡಿಯ ಒಬ್ಬಂಟಿ ಮನುಷ್ಯ ಎಷ್ಟು ಹೊತ್ತು ಬಾಗದೆ ನಿಂತಾನು? ತಡವಾದ ಗಾಡಿಗೆ ಕಾರಣ ಬರೆಯಬೇಕಾದವನು ಅವನು. ಬಾರದ ಅಪಘಾತಕ್ಕೆ ಕಾರಣ ಬರೆಯುವ ಪುಸ್ತಕ ಯಾವ ನಿಲ್ದಾಣದಲ್ಲಿಯೂ ಇಲ್ಲ.

ಹಾಗಾದರೆ ಕೋಪವನ್ನು ಎತ್ತ ತಿರುಗಿಸಬೇಕು? ಹಳಿಮಂಡಲ ಮಳೆಗಾಲದಲ್ಲಿ ಕೆಡುತ್ತದೆಯೆಂಬುದು ಹೊಸ ಸಂಶೋಧನೆಯಲ್ಲ. ಜಲ್ಲಿಯನ್ನು ಶುದ್ಧಮಾಡಿ, ನೀರು ಹರಿದುಹೋಗುವಂತೆ ಕಾಲುವೆ ತೆಗೆದರೆ ಸೋರಿಕೆ ಕಡಮೆಯಾಗುತ್ತದೆ. ಗಾಲಿಗಳನ್ನು ಎಣಿಸಿ, ಒಳಗೆ ಬಂದಷ್ಟೂ ಹೊರಗೆ ಹೋದವೇ ಎಂದು ನೋಡುವ ಅಚ್ಚೆಣಿಕೆಯ ಉಪಕರಣಗಳು ಬಂದು ಎಷ್ಟೋ ವರ್ಷಗಳಾದವು. ಕೆಸರಿನ ಕಾಟ ಅವಕ್ಕೆ ಇಲ್ಲ. ಸಿಗ್ನಲ್ ಕೆಲಸದವರು ಕೆಟ್ಟ ಸ್ಥಳವನ್ನು ಬೇಗ ತಲಪಬೇಕಾದರೆ ಅವರ ಸಂಖ್ಯೆ ಸಾಕಷ್ಟಿರಬೇಕು, ಬದಲಿ ಸಾಮಾನು ಕೈಗೆಟಕುವಂತಿರಬೇಕು, ಅವರಿಗೆ ಕ್ಲಾಪಮ್ಮಿನ ತಂತ್ರಜ್ಞನಿಗೆ ದೊರೆಯದ ನಿದ್ರೆ ದೊರೆಯಬೇಕು. ತಡ ಎಷ್ಟು ಹೊತ್ತಿನದು ಎಂದು ಪ್ರಯಾಣಿಕರಿಗೆ ನಿಜ ಹೇಳಬೇಕು. ನಮ್ಮ ಗಾಡಿ ನಿಂತ ಮೊದಲ ಅರ್ಧ ಗಂಟೆಯಲ್ಲಿ ಯಾರಾದರೂ ಇನ್ನು ಎರಡು ಗಂಟೆ ಎಂದು ಹೇಳಿದ್ದರೆ, ನಮ್ಮ ವಿದ್ಯಾರ್ಥಿನಿಯನ್ನು ಹೊಲದ ಬದುವಿನಿಂದ ಹೆದ್ದಾರಿಗೆ ನಡೆಸಿ ಬಸ್ಸು ಹತ್ತಿಸಬಹುದಾಗಿತ್ತು. ಪ್ರವೇಶ ಪರೀಕ್ಷೆಯನ್ನು ನಡೆಸುವವರೂ ಇಂತಹ ಸಂದರ್ಭಕ್ಕೆ ಒಂದು ಬದಲಿ ದಿನವನ್ನು ಇಟ್ಟುಕೊಳ್ಳಬಹುದು. ಒಂದು ತಂತಿ ತುಂಡಾದರೆ ಒಬ್ಬಳ ಒಂದು ವರ್ಷವೇ ಹೋಗುವಂತಹ ಏರ್ಪಾಡೂ ಕೆಟ್ಟ ರಚನೆಯೇ ಸರಿ. ಇದನ್ನು ಬರೆದು ಕೇಳಿದೆವು, ಉತ್ತರ ಬಂದಿಲ್ಲ.

“ಕವಚ” ಎಂಬ ನಮ್ಮ ದೇಶದಲ್ಲಿಯೇ ರೂಪಿತವಾದ ರಕ್ಷಣಾ ವ್ಯವಸ್ಥೆಯನ್ನು ಕುರಿತು ಪತ್ರಿಕೆಗಳಲ್ಲಿ ಓದಿದ ವಿದ್ಯಾರ್ಥಿಗಳು, ಅದು ಬಂದರೆ ಎಲ್ಲವೂ ತೀರಿತಲ್ಲವೇ ಎನ್ನುತ್ತಾರೆ. ಚಾಲಕ ಕೆಂಪು ದೀಪವನ್ನು ದಾಟಲು ಹೋದರೆ ತಾನಾಗಿ ಬ್ರೇಕು ಹಾಕುವ ಈ ಉಪಕರಣ ಎಲ್ಲ ಮಾರ್ಗಗಳಿಗೂ ಬೇಗ ಬರಲಿ. ಆದರೆ ಕವಚವೂ ದೀಪದ ಸ್ಥಿತಿಯನ್ನು ತಿಳಿಯುವುದು ನಿಲ್ದಾಣದ ಇಂಟರ್‌ಲಾಕಿಂಗ್‌ನಿಂದಲೇ. ಅಲ್ಲಿ ತಂತಿಯನ್ನು ತಪ್ಪಾಗಿ ಜೋಡಿಸಿದ್ದರೆ ಕವಚಕ್ಕೂ ಸುಳ್ಳೇ ತಲಪುತ್ತದೆ.

ಇನ್ನೊಂದು ಮಾತು, ಅಧ್ಯಾಪಕರಾಗಿ. ನಮ್ಮ ಮನೆಗಳಲ್ಲಿ ಫ್ಯೂಸ್ ಮತ್ತೆ ಮತ್ತೆ ಹಾರಿದರೆ ಏನು ಮಾಡುತ್ತೇವೆ? ದಪ್ಪನೆಯ ತಾಮ್ರದ ತಂತಿಯೊಂದನ್ನು ಸುತ್ತಿ, “ಇನ್ನು ತೊಂದರೆಯಿಲ್ಲ” ಎನ್ನುತ್ತೇವೆ. ನಮ್ಮ ಕಾಲೇಜಿನ ಪ್ರಯೋಗಶಾಲೆಯಲ್ಲಿಯೇ ಅಂತಹ ಒಂದು ತಂತಿ ಇತ್ತು ಎಂಬುದು ನಮಗೆ ಆ ಪ್ರಯಾಣದ ಮರುದಿನ ತಿಳಿಯಿತು. ಎಷ್ಟು ವರ್ಷಗಳಿಂದ ಇತ್ತೋ, ಯಾರೂ ಒಪ್ಪಿಕೊಳ್ಳಲಿಲ್ಲ. ನಾವು ಕಲಿಸುವ ಭೌತಶಾಸ್ತ್ರದಲ್ಲಿ ಎಲ್ಲ ತಂತಿಗಳೂ ಗಟ್ಟಿ, ಎಲ್ಲ ಬ್ಯಾಟರಿಗಳೂ ಹೊಸವು. ವಿದ್ಯುತ್ಕಾಂತದ ಬಲವನ್ನು ಲೆಕ್ಕಹಾಕಲು ಹೇಳಿಕೊಡುತ್ತೇವೆ. ಪ್ರವಾಹ ನಿಂತಾಗ ಅದು ಹಿಡಿದಿದ್ದುದು ಎತ್ತ ಬೀಳಬೇಕು ಎಂದು ಪರೀಕ್ಷೆಯಲ್ಲಿ ಕೇಳಿದವರಿಲ್ಲ. ಪ್ರತಿಯೊಂದು ಮಂಡಲದ ಚಿತ್ರದ ಕೆಳಗೂ “ಈ ತಂತಿ ತುಂಡಾದರೆ ಏನಾಗುತ್ತದೆ?” ಎಂಬ ಒಂದು ಪ್ರಶ್ನೆಯನ್ನು ಸೇರಿಸಬೇಕೆಂದು ಪಠ್ಯಕ್ರಮವನ್ನು ಸಿದ್ಧಪಡಿಸುವವರಲ್ಲಿ ನಮ್ಮ ಬಿನ್ನಹ. ಅಂಕ ಎಷ್ಟು ಕೊಟ್ಟರೂ ಸರಿಯೆ.

ನಮ್ಮ ವಿದ್ಯಾರ್ಥಿನಿ ಈ ವರ್ಷ ಮತ್ತೆ ಪರೀಕ್ಷೆಗೆ ಕುಳಿತುಕೊಳ್ಳಲಿದ್ದಾಳೆ. ಹಿಂದಿನ ದಿನವೇ ನಗರಕ್ಕೆ ಹೋಗಿ ಬಂಧುಗಳ ಮನೆಯಲ್ಲಿ ತಂಗುವುದೆಂದು ನಿಶ್ಚಯಿಸಿದ್ದಾಳೆ. ನಡುವಿನ ಬಿಡುವಿನಲ್ಲಿ ಅವಳೂ ಅವಳ ಸಂಗಡಿಗರೂ ನಮ್ಮ ಪ್ರಯೋಗಶಾಲೆಯಲ್ಲಿ ರಾಬಿನ್‌ಸನ್ನನ ಹಳಿಮಂಡಲವನ್ನು ಕಟ್ಟಿದರು. ಎರಡು ಉದ್ದನೆಯ ಕಬ್ಬಿಣದ ಪಟ್ಟಿಗಳು, ಒಂದು ಶುಷ್ಕ ಕೋಶ, ಅದರೊಡನೆ ಸರಣಿಯಲ್ಲಿ ಒಂದು ರೋಧ (ಇಲ್ಲದಿದ್ದರೆ ಗಾಡಿ ಬಂದಾಗ ಕೋಶ ನೇರವಾಗಿ ಬರಿದಾಗುತ್ತದೆ), ಅಂಗಡಿಯಲ್ಲಿ ಸಿಗುವ ಚಿಕ್ಕ ರಿಲೇ, ಕೆಂಪು ಹಸಿರು ದೀಪಗಳು, ಗಾಡಿಗೆ ಬದಲಾಗಿ ಒಂದು ಹಿತ್ತಾಳೆಯ ಸರಳು. ಸರಳನ್ನು ಅಡ್ಡ ಇಟ್ಟರೆ ಕೆಂಪು, ತೆಗೆದರೆ ಹಸಿರು. ಯಾವ ತಂತಿಯನ್ನು ಕಿತ್ತರೂ ಕೆಂಪು. ಉಪ್ಪುನೀರಿನಲ್ಲಿ ನೆನೆಸಿದ ಬಟ್ಟೆಯನ್ನು ಪಟ್ಟಿಗಳ ನಡುವೆ ಹಾಸಿದಾಗಲೂ, ಸ್ವಲ್ಪ ತಡೆದು, ಕೆಂಪು. ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಅವಳು ಹಿತ್ತಿಲಲ್ಲಿ ಬಿದ್ದು ತುಕ್ಕುಹಿಡಿದಿದ್ದ ಇನ್ನೆರಡು ಪಟ್ಟಿಗಳನ್ನು ತಂದು, ತುದಿಗಳನ್ನು ಮಾತ್ರ ಉಜ್ಜಿ ತಂತಿ ಜೋಡಿಸಿ, ಸರಳನ್ನು ತುಕ್ಕಿನ ಮೇಲೆ ಇಟ್ಟಳು. ತುಕ್ಕು ಪ್ರವಾಹವನ್ನು ಅಡ್ಡ ಹಾಯಲು ಬಿಡಲಿಲ್ಲ. “ಸರ್, ಗಾಡಿ ಹಳಿಯ ಮೇಲಿದೆ, ದೀಪ ಹಸಿರಾಗಿಯೇ ಇದೆ,” ಎಂದಳು. ಗಾಡಿಗಳು ಅಪರೂಪಕ್ಕೆ ಓಡಾಡುವ ಹಳಿಗಳಲ್ಲಿ ನಿಜವಾಗಿಯೂ ಹೀಗಾಗುವುದುಂಟು. ರೈಲ್ವೆಯ ಎಂಜಿನಿಯರುಗಳು ಇದನ್ನು ಬಲ್ಲರು. ನಮ್ಮ ಪಾಠದ ಟಿಪ್ಪಣಿಯಲ್ಲಿ ಮಾತ್ರ ಇದು ಇರಲಿಲ್ಲ. ಆ ಸಂಜೆ ಅದನ್ನು ಸೇರಿಸಿದೆವು.